ಬಣ್ಣ ಎಲ್ಲಿಗೆ ಹೋಯಿತು?

ಬಣ್ಣಗೆಡುವುದಕ್ಕೂ ಒಂದು ಇತಿಹಾಸವಿದೆ ಎಂದರೆ ವಾಚಕರಲ್ಲಿ ಕೆಲವರು ನಕ್ಕಾರು. ಸೀರೆ ಮಾಸುತ್ತದೆ, ಗೋಡೆಯ ಸುಣ್ಣ ಮಾಸುತ್ತದೆ, ದೇವರ ಪಟ ಹೊಗೆ ಹಿಡಿಯುತ್ತದೆ. ಇದರಲ್ಲಿ ಇತಿಹಾಸವೇನು ಬಂತು? ಆದರೆ ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ, ಅಟ್ಟದ ಮೇಲೋ ಮಂಚದ ಕೆಳಗಿನ ಟ್ರಂಕಿನಲ್ಲೋ, ಒಂದೆರಡು ಹಳೆಯ ವಿಡಿಯೋ ಕ್ಯಾಸೆಟ್ಟುಗಳು ಇದ್ದೇ ಇರುತ್ತವೆ. ಮದುವೆ, ಉಪನಯನ, ಮೊದಲ ಮಗುವಿನ ನಾಮಕರಣ, ರಜೆಗೆ ಹೋದಾಗ ಕಂಡ ಊರ ತೇರು. ಈಗ ಮಕ್ಕಳು ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನಾಲ್ಕು ಗುಂಡಿ ಅತ್ತಿತ್ತ ಸರಿಸಿ, “ಮಾಸಿದ ಬಣ್ಣವನ್ನು ಮರಳಿ ತಂದಿದ್ದೇವೆ” ಎನ್ನುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಹೋದದ್ದನ್ನು ಕರೆತರುವ ಮೊದಲು ಅದು ಹೋದದ್ದೆಲ್ಲಿಗೆ ಎಂದು ವಿಚಾರಿಸಬೇಡವೆ? ಕಚೇರಿಯಲ್ಲಿ ಫೈಲು ಕಾಣೆಯಾದರೆ ನಾವು ಮೊದಲು ಕೈಹಾಕುವುದು ಬೀರುವಿಗಲ್ಲ, ಫೈಲು ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೆಂದು ಬರೆದಿಡುವ ರಿಜಿಸ್ಟರಿಗೆ. ಬಣ್ಣದ ವಿಷಯದಲ್ಲೂ ಅಂಥದೊಂದು ರಿಜಿಸ್ಟರು ಇದೆ. ಅದರ ಪುಟಗಳನ್ನು ಇಲ್ಲಿ ತಿರುವಿಹಾಕೋಣ.

ಮನೆಯವರನ್ನು ಮನೆಯವರೇ ಚಿತ್ರಿಸಿಕೊಳ್ಳುವ ಚಟ ವಿಡಿಯೋಗಿಂತ ಬಹಳ ಹಳೆಯದು. ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪನಿ 1923ರಲ್ಲಿ 16 ಮಿಲಿಮೀಟರ್ ಅಗಲದ ಫಿಲ್ಮನ್ನೂ 1932ರಲ್ಲಿ ಅದಕ್ಕಿಂತ ಅಗ್ಗವಾದ 8 ಮಿಲಿಮೀಟರಿನದನ್ನೂ ಮಾರುಕಟ್ಟೆಗೆ ತಂದಿತು. ಇವೆರಡೂ ಹವ್ಯಾಸಿಗಳಿಗೆಂದೇ ತಯಾರಾದವು. 1935ರಲ್ಲಿ ಕೊಡಕ್ರೋಮ್ ಎಂಬ ಬಣ್ಣದ ಫಿಲ್ಮು ಬಂತು. ಅದನ್ನು ಕಂಡುಹಿಡಿದ ಇಬ್ಬರ ಹೆಸರೂ ಲಿಯೊಪೋಲ್ಡ್. ಮ್ಯಾನ್ಸ್ ಎಂಬವರು ಪಿಯಾನೋ ನುಡಿಸುವವರು, ಗೊಡೊವ್‌ಸ್ಕಿ ಎಂಬವರು ಪಿಟೀಲು ವಿದ್ವಾಂಸರು. ಸಂಗೀತಗಾರರು ರಸಾಯನಶಾಸ್ತ್ರದ ಗಂಟು ಬಿಡಿಸಿದರೆಂಬುದು ನಮ್ಮಂಥ ಬಿ.ಎಸ್‌ಸಿ. ಪದವೀಧರರಿಗೆ ಕೊಂಚ ಮುಜುಗರದ ಸಂಗತಿಯೇ ಸರಿ!

ಕೊಡಕ್ರೋಮಿನ ವಿಶೇಷವೆಂದರೆ ಫಿಲ್ಮಿನಲ್ಲಿ ಮೊದಲಿಗೆ ಬಣ್ಣವೂ ಇರಲಿಲ್ಲ, ಬಣ್ಣವನ್ನು ಉಂಟುಮಾಡುವ ವಸ್ತುವೂ ಇರಲಿಲ್ಲ. ಇದ್ದದ್ದು ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಪದರಗಳು ಮಾತ್ರ. ಹಳದಿ, ಮೆಜೆಂಟಾ ಎಂಬ ಕಡುಗುಲಾಬಿ, ಸಯಾನ್ ಎಂಬ ನೀಲಿಹಸಿರು ಈ ಮೂರನ್ನೂ ತೊಳೆಯುವ ಹಂತದಲ್ಲಿ ಒಂದಾದ ಮೇಲೊಂದು ಕೂಡಿಸಬೇಕು. ಕೆಲಸ ಬಲು ತೊಡಕಿನದು. ಬೀದಿಯ ಸ್ಟುಡಿಯೋದಲ್ಲಿ ಆಗುವಂಥದಲ್ಲ. ಆದರೆ ಆ ತೊಡಕಿಗೆ ತಕ್ಕ ಫಲವೂ ಸಿಕ್ಕಿತು. ಕತ್ತಲಲ್ಲಿ ಇಟ್ಟ ಕೊಡಕ್ರೋಮ್ ದಶಕಗಳ ಕಾಲ ಕೆಡುವುದಿಲ್ಲ. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಹತ್ಯೆಯನ್ನು ಅಕಸ್ಮಾತ್ತಾಗಿ ಸೆರೆಹಿಡಿದ ಏಬ್ರಹಾಂ ಜಪ್ರೂಡರ್ ಬಟ್ಟೆಯ ವ್ಯಾಪಾರಿ. ಅವರ ಕೈಯಲ್ಲಿದ್ದದ್ದು ಮನೆಬಳಕೆಯ 8 ಮಿಲಿಮೀಟರ್ ಕ್ಯಾಮೆರಾ, ಒಳಗಿದ್ದದ್ದು ಕೊಡಕ್ರೋಮ್. ಶ್ರೀಮತಿ ಕೆನೆಡಿಯವರ ಗುಲಾಬಿ ಉಡುಪು ಆ 26 ಸೆಕೆಂಡುಗಳಲ್ಲಿ ಇಂದಿಗೂ ಗುಲಾಬಿಯಾಗಿಯೇ ಕಾಣುತ್ತದೆ.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹತ್ತಿರವಾದ ಇನ್ನೊಂದು ರೀಲು ಇದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಬಳಿಕ, 1942ರಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ್ದ ಜಪಾನೀ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಸರ್ಕಾರ ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಬಹುಪಾಲು ಜನ ಹುಟ್ಟಿದ್ದೇ ಅಮೆರಿಕದಲ್ಲಿ. ಯೂಟಾ ರಾಜ್ಯದ ಮರುಭೂಮಿಯಲ್ಲಿದ್ದ ಟೋಪಾಜ್ ಶಿಬಿರದಲ್ಲಿ ಡೇವ್ ಟಾಟ್ಸುನೋ ಎಂಬ ತರುಣ ವ್ಯಾಪಾರಿ ಇದ್ದರು. ಶಿಬಿರದೊಳಗೆ ಕ್ಯಾಮೆರಾ ನಿಷಿದ್ಧ. ಆದರೂ ಅಲ್ಲಿನ ಸಿಬ್ಬಂದಿಯೊಬ್ಬರ ನೆರವಿನಿಂದ ಅವರು ತಮ್ಮ 8 ಮಿಲಿಮೀಟರ್ ಕ್ಯಾಮೆರಾ ತರಿಸಿಕೊಂಡು, ಮಕ್ಕಳು ಹಿಮದಲ್ಲಿ ಆಡಿದ್ದು, ಅಕ್ಕಿಯ ಹಿಟ್ಟು ಕುಟ್ಟಿದ್ದು, ಧೂಳುಗಾಳಿ, ಸಾಲುಗುಡಿಸಲುಗಳು ಎಲ್ಲವನ್ನೂ ಬಣ್ಣದಲ್ಲಿ ಹಿಡಿದಿಟ್ಟರು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 1994ರಲ್ಲಿ ಜಪ್ರೂಡರ್ ರೀಲು ಸೇರಿತು. 1996ರಲ್ಲಿ ಟಾಟ್ಸುನೋ ಅವರದು ಸೇರಿತು. ಹಾಲಿವುಡ್ಡಿನ ಮಹಾಚಿತ್ರಗಳ ಪಕ್ಕದಲ್ಲಿ ಒಬ್ಬ ಗೃಹಸ್ಥನ ಮನೆಯ ರೀಲು! ಆ ಶಿಬಿರಗಳ ಸರ್ಕಾರಿ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪುಬಿಳುಪು. ಆ ಮಕ್ಕಳ ಕೋಟಿನ ಬಣ್ಣ ಏನಿತ್ತು ಎಂಬುದನ್ನು ಲೋಕಕ್ಕೆ ಹೇಳಲು ಒಬ್ಬ ತಂದೆ ಬೇಕಾಯಿತು.

ಬಣ್ಣಕ್ಕೆ ಕುತ್ತು ಬಂದದ್ದು ಬಣ್ಣ ಸುಲಭವಾದಾಗ. 1950ರಲ್ಲಿ ಅದೇ ಕಂಪನಿ ಈಸ್ಟ್‌ಮನ್ ಕಲರ್ ಎಂಬ ಫಿಲ್ಮನ್ನು ಸಿನಿಮಾದವರಿಗಾಗಿ ತಂದಿತು. ಅಲ್ಲಿಯವರೆಗೆ ಟೆಕ್ನಿಕಲರ್ ಪದ್ಧತಿಯಲ್ಲಿ ಭಾರಿ ಕ್ಯಾಮೆರಾದೊಳಗೆ ಮೂರು ಬೇರೆಬೇರೆ ಕಪ್ಪುಬಿಳುಪು ಫಿಲ್ಮುಗಳು ಏಕಕಾಲಕ್ಕೆ ಓಡಬೇಕಾಗಿತ್ತು. ಈಸ್ಟ್‌ಮನ್ ಕಲರಿನಲ್ಲಿ ಒಂದೇ ಫಿಲ್ಮು, ಮೂರು ಪದರ. ಬಣ್ಣ ಹುಟ್ಟಿಸುವ ವಸ್ತು ಪದರದೊಳಗೇ ಅಡಗಿರುತ್ತದೆ. ಸಾಧಾರಣ ಕ್ಯಾಮೆರಾ ಸಾಕು, ಸಾಧಾರಣ ಲ್ಯಾಬೊರೇಟರಿ ಸಾಕು. ಮದರಾಸು, ಮುಂಬಯಿಗಳಿಗೂ ಬಣ್ಣ ಕೈಗೆಟುಕಿತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, 1964ರಲ್ಲಿ ಬಂದದ್ದು ಈಸ್ಟ್‌ಮನ್ ಕಲರಿನಲ್ಲಿಯೇ. ಪೋಸ್ಟರಿನ ಮೇಲೆ ಚಿತ್ರದ ಹೆಸರಿನ ಜೊತೆಗೆ ಈಸ್ಟ್‌ಮನ್ ಕಲರ್ ಎಂಬ ಮಾತೂ ಠೀವಿಯಿಂದ ಕೂರುತ್ತಿದ್ದ ದಿನಗಳು ಅವು.

ಅಗ್ಗದ ಬಣ್ಣ ನಿಲ್ಲಲಿಲ್ಲ. ಆ ಕಾಲದ ಪ್ರಿಂಟುಗಳಲ್ಲಿ ಸಯಾನ್ ಮೊದಲು ಕರಗತೊಡಗಿತು. ನೀಲಿಹಸಿರು ಹೊರಟುಹೋದರೆ ಉಳಿಯುವುದೇನು? ಆಕಾಶ, ಮರ, ನಾಯಕಿಯ ಹೆರಳು ಎಲ್ಲವೂ ಬೀಟ್‌ರೂಟಿನ ನೀರಿನಲ್ಲಿ ಅದ್ದಿ ತೆಗೆದಂತೆ. ಹಳೆಯ ಚಿತ್ರವೊಂದರ ಸವೆದ ಪ್ರಿಂಟನ್ನು ಗಣೇಶೋತ್ಸವದ ಪೆಂಡಾಲಿನಲ್ಲಿ ನೋಡಿದವರಿಗೆ ಆ ಕೆಂಬಣ್ಣದ ಪರಿಚಯ ಇದ್ದೇ ಇರುತ್ತದೆ. ಬೆಳಕು ತಾಗಿದರೆ ಬಣ್ಣ ಹೋಗುವುದು ಎಲ್ಲರೂ ಬಲ್ಲ ಸಂಗತಿ; ಆದರೆ ಇದು ಡಬ್ಬಿಯೊಳಗೆ, ಕಗ್ಗತ್ತಲಲ್ಲಿ, ಮುಟ್ಟದೆ ಇಟ್ಟರೂ ಆಗುವ ನಷ್ಟ. ಕಾರಣ ಸೆಕೆ ಮತ್ತು ತೇವ. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿಬರಲು ತಡವಾಗುತ್ತದೆಯಲ್ಲ, ಅದೇ ನಿಯಮ ಇಲ್ಲಿಯೂ. ಉಷ್ಣತೆ ಇಳಿದಷ್ಟೂ ರಾಸಾಯನಿಕ ಕ್ರಿಯೆ ನಿಧಾನ. ಆದ್ದರಿಂದಲೇ ಚಿತ್ರಾಗಾರಗಳಲ್ಲಿ ಬಣ್ಣದ ಫಿಲ್ಮನ್ನು ತಣ್ಣನೆಯ, ಒಣಗಿದ ಕೋಣೆಗಳಲ್ಲಿ ಇಡುವುದು.

1980ರ ಸುಮಾರಿಗೆ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಅಮೆರಿಕದಲ್ಲಿ ಈ ಬಗ್ಗೆ ದೊಡ್ಡ ಗದ್ದಲವನ್ನೇ ಎಬ್ಬಿಸಿದರು. ಅನೇಕ ಚಿತ್ರಕರ್ಮಿಗಳ ಸಹಿ ಪಡೆದು ಕೊಡಕ್ ಕಂಪನಿಯ ಮುಂದೆ ಅಹವಾಲು ಇಟ್ಟರು. ಕೆಲವೇ ವರ್ಷಗಳಲ್ಲಿ ಬೇಗ ಮಾಸದ ಪ್ರಿಂಟ್ ಫಿಲ್ಮು ಬಂತು. ಆದರೆ ನಡುವಿನ ಮೂವತ್ತು ವರ್ಷಗಳ ಬಣ್ಣ ಆಗಲೇ ಇಳಿಮುಖವಾಗಿತ್ತು. ಬಣ್ಣದ ಮಾತಿರಲಿ, ಚಿತ್ರವೇ ಉಳಿಯದಿದ್ದರೆ ಗತಿಯೇನು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತಯಾರಾದದ್ದು ಇಲ್ಲೇ ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ಅದರ ಒಂದು ಪ್ರಿಂಟೂ ಇಂದು ಉಳಿದಿಲ್ಲ. ನಮ್ಮ ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಸುಲೋಚನೆ ಬಂದು ಮೂವತ್ತು ವರ್ಷಗಳಾದ ಮೇಲೆ. ಪಿ. ಕೆ. ನಾಯರ್ ಎಂಬ ಮಹನೀಯರು ಅಲ್ಲಿ ಕುಳಿತು ದೇಶದ ಮೂಲೆಮೂಲೆಯಿಂದ ಡಬ್ಬಿಗಳನ್ನು ತರಿಸಿ ಉಳಿಸಿದರು. ಆ ರಸ್ತೆಯಲ್ಲಿ ನಿತ್ಯ ಸ್ಕೂಟರಿನಲ್ಲಿ ಹಾದುಹೋಗುವ ನಮ್ಮವರಲ್ಲಿ ಎಷ್ಟು ಜನ ಗೇಟಿನತ್ತ ತಿರುಗಿ ನೋಡಿದ್ದಾರೋ!

ಇನ್ನು ಮಾಸಿದ್ದನ್ನು ಮರಳಿಸುವ ಬಗೆ. ಕಂಪ್ಯೂಟರ್ ಬರುವ ಮೊದಲು ಲ್ಯಾಬೊರೇಟರಿಯವರು ಹೊಸ ಪ್ರಿಂಟು ತೆಗೆಯುವಾಗ ದೀಪದ ಬಣ್ಣವನ್ನು ಹೆಚ್ಚುಕಡಿಮೆ ಮಾಡುತ್ತಿದ್ದರು. ಅದರಿಂದ ಮುಖಗಳು ಒಂದಿಷ್ಟು ಸರಿಹೋದರೆ ಬಿಳಿಯ ಪಂಚೆ ಹಸಿರಾಗುತ್ತಿತ್ತು, ಕಪ್ಪು ಕೂದಲು ಕೆಂಪಾಗಿಯೇ ಉಳಿಯುತ್ತಿತ್ತು. ಏಕೆ? ಸರ್ಕಾರಿ ನೌಕರರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುತ್ತೇವೆ. ಎಲ್ಲರ ಸಂಬಳದಲ್ಲೂ ಶೇಕಡಾ 40 ಕಡಿತವಾಯಿತೆನ್ನಿ. ಅದನ್ನು ಸರಿಪಡಿಸಲು ಜವಾನನಿಂದ ಕಾರ್ಯದರ್ಶಿಯವರೆಗೆ ಪ್ರತಿಯೊಬ್ಬರಿಗೂ ತಲಾ ಐನೂರು ರೂಪಾಯಿ ಕೊಟ್ಟರೆ ನ್ಯಾಯವಾದೀತೆ? ಕಡಿತ ಪ್ರಮಾಣದಲ್ಲಿ ಆಗಿದ್ದರೆ ಪರಿಹಾರವೂ ಪ್ರಮಾಣದಲ್ಲಿಯೇ, ತುಟ್ಟಿಭತ್ಯದ ಹಾಗೆ ಬರಬೇಕು. ಬಣ್ಣದ ಕತೆಯೂ ಅದೇ. ಸಯಾನ್ ದಟ್ಟವಾಗಿದ್ದ ಕಡೆ ಹೆಚ್ಚು ಹೋಗಿದೆ, ತೆಳುವಾಗಿದ್ದ ಕಡೆ ಕಡಿಮೆ, ಬಿಳಿಯಲ್ಲಿ ಹೋಗುವುದಕ್ಕೆ ಏನೂ ಇರಲೇ ಇಲ್ಲ. ಆದ್ದರಿಂದ ಕೂಡಿಸಿದರೆ ಸಾಲದು, ಗುಣಿಸಬೇಕು. ಚಿತ್ರದ ಪ್ರತಿಯೊಂದು ಚುಕ್ಕೆಯನ್ನೂ ಹಾಗೆ ಲೆಕ್ಕ ಹಾಕುವುದು ಕಂಪ್ಯೂಟರಿಗೆ ಮಾತ್ರ ಸಾಧ್ಯ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ರುಡಾಲ್ಫ್ ಗ್‌ಶ್ವಿಂಡ್ ಮತ್ತು ಫ್ರಾಂಜಿಸ್ಕಾ ಫ್ರೇ 1990ರ ದಶಕದಲ್ಲಿ ಈ ಲೆಕ್ಕಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಇಂದು ಮಕ್ಕಳು ಉಚಿತವಾಗಿ ಇಳಿಸಿಕೊಳ್ಳುವ ಸಾಫ್ಟ್‌ವೇರಿನಲ್ಲೂ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಹಿಗ್ಗಿಸುವ ಗೆರೆಗಳು ಇವೆ. ಅವು ಮಾಡುವ ಕೆಲಸ ಇದೇ. ಆದರೆ ಬಣ್ಣ ಪೂರ್ತಿ ಹೋಗಿದ್ದರೆ? ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಗುಣಾಕಾರ ಎಷ್ಟಿರಬೇಕೆಂದು ಹೇಳುವವರು ಯಾರು ಎಂಬುದು ಮುಂದಿನ ಪ್ರಶ್ನೆ. 1976ರ ‘ಮಂಥನ್’ ಚಿತ್ರ ವಾಚಕರಿಗೆ ನೆನಪಿರಬಹುದು. ಶ್ಯಾಮ್ ಬೆನಗಲ್ ಅವರ ನಿರ್ದೇಶನ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ತೆಗೆಸಿದ ಚಿತ್ರ. ನಮ್ಮ ಗಿರೀಶ ಕಾರ್ನಾಡರು ಡಾಕ್ಟರ್ ರಾವ್, ಅನಂತನಾಗ್ ಅವರ ಸಹೋದ್ಯೋಗಿ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಪುನರುದ್ಧಾರ ಮಾಡಿತು. ಮೂಲ ನೆಗೆಟಿವ್ ಪುಣೆಯ ಸಂಗ್ರಹಾಲಯದಲ್ಲಿ ಇತ್ತು. ಬಣ್ಣದ ವಿಷಯದಲ್ಲಿ ಮಾರ್ಗದರ್ಶನ ಮಾಡಿದವರು ಅದರ ಛಾಯಾಗ್ರಾಹಕರಾಗಿದ್ದ ಗೋವಿಂದ ನಿಹಲಾನಿ ಮತ್ತು ಸ್ವತಃ ಬೆನಗಲ್. 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಚಿತ್ರ ಪ್ರದರ್ಶನವಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬೆನಗಲ್ ತೀರಿಕೊಂಡರು. ಸಾಫ್ಟ್‌ವೇರು ಇನ್ನೂ ಹತ್ತು ವರ್ಷ ಬಿಟ್ಟು ಇನ್ನೂ ಉತ್ತಮವಾಗಿ ಸಿಗುತ್ತಿತ್ತು. ಆ ಕಣ್ಣು ಸಿಗುತ್ತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಕೆಲಸವನ್ನು ಬೆರೆಸಬಾರದು. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತೊಟ್ಟು ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ಅಣ್ಣಾವ್ರನ್ನು ಬಣ್ಣದಲ್ಲಿ ಕಂಡು ಸಂತೋಷಪಟ್ಟವರಲ್ಲಿ ನಾವೂ ಇದ್ದೇವೆ. ಆದರೆ ಆ ಫಿಲ್ಮುಗಳಲ್ಲಿ ಬಣ್ಣ ಮೊದಲೇ ಇರಲಿಲ್ಲ. ಇಲ್ಲದ್ದನ್ನು ಕಲಾವಿದರು ಕಲ್ಪಿಸಿ ಕೊಟ್ಟರು. ಅದು ಅಲಂಕಾರ, ಚಿಕಿತ್ಸೆಯಲ್ಲ. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರುಗಳು ಈ ಎರಡನ್ನೂ ಒಂದೇ ಗುಂಡಿಯೊಳಗೆ ಕಲಸಿಬಿಟ್ಟಿವೆ. ಲಕ್ಷಾಂತರ ಬೇರೆ ಚಿತ್ರಗಳನ್ನು ನೋಡಿ ಕಲಿತ ಯಂತ್ರ ನಿಮ್ಮ ಅಜ್ಜಿಯ ಸೀರೆಗೂ ಒಂದು ಬಣ್ಣ ಹಚ್ಚುತ್ತದೆ. ನೋಡಲು ಚಂದವಾಗಿಯೇ ಇರುತ್ತದೆ. ಅದು ಅಜ್ಜಿಯ ಸೀರೆಯೇ ಎಂದು ಕೇಳಿದರೆ ಯಂತ್ರಕ್ಕೆ ಗೊತ್ತಿಲ್ಲ.

ಈಗ ನಮ್ಮ ಟ್ರಂಕಿನ ಕ್ಯಾಸೆಟ್ಟುಗಳಿಗೆ ಬರೋಣ. ವಿ.ಎಚ್.ಎಸ್. ಪದ್ಧತಿ ಜಪಾನಿನಲ್ಲಿ ಶುರುವಾದದ್ದು 1976ರಲ್ಲಿ. ನಮ್ಮ ದೂರದರ್ಶನ 1982ರ ಆಗಸ್ಟ್ 15ರಂದು ಬಣ್ಣಕ್ಕೆ ತಿರುಗಿತು, ನವೆಂಬರಿನಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟ ಬಂತು, ಬಣ್ಣದ ಟಿ.ವಿ., ಅದರ ಹಿಂದೆಯೇ ವಿ.ಸಿ.ಆರ್., ಅದರ ಹಿಂದೆಯೇ ಮದುವೆಮನೆಯ ವಿಡಿಯೋದವರು. ಹೆಗಲ ಮೇಲೆ ಕ್ಯಾಮೆರಾ ಹೊತ್ತ ಒಬ್ಬ, ವೈರು ಎಳೆದುಕೊಂಡು ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗನೊಬ್ಬ. ಧಾರೆಯ ಹೊತ್ತಿಗೆ ಪುರೋಹಿತರಿಗೆ ಮಂತ್ರಕ್ಕಿಂತ ಬೆವರೇ ಹೆಚ್ಚು.

ಫಿಲ್ಮಿನ ಕತೆ ಇಲ್ಲಿ ನಡೆಯುವುದಿಲ್ಲ. ಟೇಪಿನಲ್ಲಿ ಬಣ್ಣವೆಂಬ ವಸ್ತುವೇ ಇಲ್ಲ. ಅದು ಅರ್ಧ ಅಂಗುಲದ, ಕಬ್ಬಿಣದ ಆಕ್ಸೈಡು ಬಳಿದ ಕಂದುಪಟ್ಟಿ. ಬಣ್ಣ ಅಲ್ಲಿ ಕಾಂತೀಯ ಸಂಕೇತವಾಗಿ ಬರೆದಿರುತ್ತದೆ, ಸಯಾನ್ ಕರಗುವಂತೆ ಕರಗಿಹೋಗುವುದಿಲ್ಲ. ಹಾಗಾದರೆ ಹಳೆಯ ವಿಡಿಯೋ ಏಕೆ ಮಂಕು? ಕಾಂತಶಕ್ತಿ ಕುಂದುವುದು, ಆಕ್ಸೈಡನ್ನು ಹಿಡಿದಿಟ್ಟ ಅಂಟು ಮಳೆಗಾಲದ ತೇವಕ್ಕೆ ಸಡಿಲವಾಗುವುದು, ಬೂಷ್ಟು ಹಿಡಿಯುವುದು ಇವು ಕೆಲವು ಕಾರಣ. ಪ್ರತಿಯ ಪ್ರತಿಯ ಪ್ರತಿ ಮಾಡಿಸಿ ನೆಂಟರಿಗೆ ಹಂಚಿದ್ದು ಇನ್ನೊಂದು. ಪ್ರತಿಯೊಂದು ನಕಲಿಗೂ ಬಣ್ಣ ಒಂದು ಮೆಟ್ಟಿಲು ಇಳಿಯುತ್ತದೆ. ಆದರೆ ಮುಖ್ಯ ಕಾರಣ ಬೇರೆ. ಆ ಬಣ್ಣ ಮೊದಲ ದಿನವೇ ಸರಿಯಿರಲಿಲ್ಲ. ವಿ.ಎಚ್.ಎಸ್. ಪದ್ಧತಿಯಲ್ಲಿ ಚಿತ್ರದ ಬೆಳಕುನೆರಳಿಗೆ ಅಡ್ಡಡ್ಡ ಸುಮಾರು 240 ಗೆರೆಗಳ ನಯವಿದ್ದರೆ ಬಣ್ಣಕ್ಕೆ ಇದ್ದದ್ದು ಸುಮಾರು 40 ಮಾತ್ರ. ನುಣುಪಾದ ರಂಗೋಲಿಯ ಮೇಲೆ ದಪ್ಪ ಕುಂಚದಿಂದ ಬಣ್ಣ ತುಂಬಿದಂತೆ. ಅದರಲ್ಲೂ ಕೆಂಪು ಎಲ್ಲಕ್ಕಿಂತ ಹೆಚ್ಚು ಹರಡುತ್ತದೆ. ಕುಂಕುಮ ಹಣೆಯ ಗಡಿ ದಾಟುತ್ತದೆ. ಮೇಲಾಗಿ ಆ ದೀಪದ ಬೆಳಕು ಹಳದಿ, ಕಿಟಕಿಯ ಬೆಳಕು ನೀಲಿ. ಬಿಳಿ ಯಾವುದೆಂದು ಕ್ಯಾಮೆರಾಕ್ಕೆ ತೋರಿಸುವ ಪುರುಸೊತ್ತು ಆ ಗದ್ದಲದಲ್ಲಿ ಯಾರಿಗಿತ್ತು? ಹೀಗಾಗಿ ಸಾಫ್ಟ್‌ವೇರಿನಲ್ಲಿ ನಾವು ಮರಳಿಸುತ್ತಿದ್ದೇವೆ ಎಂದುಕೊಂಡ ಬಣ್ಣ ಎಷ್ಟೋ ಬಾರಿ ಟೇಪಿನಲ್ಲಿ ಎಂದೂ ಇರದಿದ್ದದ್ದು, ಮದುವೆಮನೆಯಲ್ಲಿ ಇದ್ದದ್ದು.

ಈ ಮಾತು ನಮಗೆ ಚೆನ್ನಾಗಿ ಮನದಟ್ಟಾದದ್ದು ನಮ್ಮ ಸಂಘದ ಕಪಾಟಿನಲ್ಲಿದ್ದ, 1980ರ ದಶಕದ ರಾಜ್ಯೋತ್ಸವದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸತೊಡಗಿದ ಮೇಲೆ. ಬಣ್ಣ ಸರಿಪಡಿಸುವವರಿಗೆ ಚಿತ್ರದಲ್ಲಿ ಬಣ್ಣ ಗೊತ್ತಿರುವ ಒಂದು ವಸ್ತು ಬೇಕು. ಬೇರೆಯವರು ಬಿಳಿ ಗೋಡೆ ಹುಡುಕಿಕೊಳ್ಳಲಿ, ಕನ್ನಡ ಸಂಘಕ್ಕೆ ಅದಕ್ಕಿಂತ ಒಳ್ಳೆಯದೇ ಸಿಕ್ಕಿತು. ವೇದಿಕೆಯ ಮೇಲೆ ಅರಿಶಿನ ಕುಂಕುಮದ ಕನ್ನಡ ಬಾವುಟ! ಟೇಪಿನಲ್ಲಿ ಅರಿಶಿನವು ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು, ಕುಂಕುಮ ಪಕ್ಕದ ಕಂಬಕ್ಕೆಲ್ಲ ಹರಿದಿತ್ತು. ಬಾವುಟವನ್ನು ಮೊದಲು ಸರಿಮಾಡಿದಾಗ ಎದುರು ಸಾಲಿನ ಮುಖಗಳು ತಾವಾಗಿಯೇ ಅರ್ಧ ಸರಿಹೋದವು. ಬಾವುಟ ಕಾಣದ ದೃಶ್ಯಗಳಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನೆರವಿಗೆ ಬಂದರು. ಇಳಕಲ್ಲು ಸೀರೆಯ ಒಡಲು ಯಾವ ಬಣ್ಣದ್ದೇ ಇರಲಿ, ಅದರ ತೋಪುತೆನೆ ಸೆರಗು ವಾಡಿಕೆಯಂತೆ ಕೆಂಪು ಬಿಳುಪಿನದೇ. ಆ ಬಿಳುಪನ್ನು ಬಿಳಿ ಮಾಡಿ, ಆ ಕೆಂಪನ್ನು ಕೆಂಪು ಮಾಡಿದರೆ ಮಿಕ್ಕದ್ದೆಲ್ಲ ಹಿಂದೆ ಬರುತ್ತದೆ. ಮುಖಕ್ಕೂ ಒಂದು ಅಳತೆಗೋಲು ಉಂಟು. ಸಾಫ್ಟ್‌ವೇರಿನ ವೆಕ್ಟರ್‌ಸ್ಕೋಪ್ ಎಂಬ ವೃತ್ತಾಕಾರದ ನಕ್ಷೆಯಲ್ಲಿ ಮನುಷ್ಯರ ಮೈಬಣ್ಣ, ಕಪ್ಪಗಿರಲಿ ಬೆಳ್ಳಗಿರಲಿ, ಸರಿಸುಮಾರು ಒಂದೇ ಗೆರೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹೆಣ್ಣು ನೋಡಲು ಹೋಗಿ “ಬಣ್ಣ ಕೊಂಚ ಕಡಿಮೆ” ಎನ್ನುವ ಮಹನೀಯರಿಗೆ ಆ ನಕ್ಷೆಯನ್ನೊಮ್ಮೆ ತೋರಿಸಬೇಕು.

ಕೆಲಸದ ಕ್ರಮ ದೊಡ್ಡದೇನಲ್ಲ. ಮೂಲ ಕ್ಯಾಸೆಟ್ಟಿನಿಂದ ಇಳಿಸಿದ ಮೊದಲ ಕಡತವನ್ನು ಹಾಗೆಯೇ, ಅದರ ಮಂಕು ಬಣ್ಣದಲ್ಲಿಯೇ, ಎರಡು ಕಡೆ ಕಾದಿಡುತ್ತೇವೆ. ಗುಂಡಿ ತಿರುಗಿಸುವುದೆಲ್ಲ ಅದರ ನಕಲಿನ ಮೇಲೆ. ನಾಳೆ ಇನ್ನೊಬ್ಬರು ಇನ್ನೂ ಚೆನ್ನಾಗಿ ಮಾಡಬಹುದು. ಕ್ಯಾಸೆಟ್ಟನ್ನೂ ಎಸೆಯುವುದಿಲ್ಲ. ಆದರೆ ಅದನ್ನು ಓಡಿಸುವ ಯಂತ್ರಗಳೇ ಅಪರೂಪವಾಗುತ್ತಿವೆ, ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು. ಟೇಪುಗಳನ್ನು 2025ರೊಳಗೆ ಇಳಿಸಿಕೊಳ್ಳಿ ಎಂದು ಆಸ್ಟ್ರೇಲಿಯದ ರಾಷ್ಟ್ರೀಯ ಚಿತ್ರ-ಧ್ವನಿ ಸಂಗ್ರಹಾಲಯ 2015ರಲ್ಲಿಯೇ ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೋ ಕೂಡ ಅದೇ ಗಂಟೆ ಬಾರಿಸಿತು. ಆ ಗಡುವು ಬಂದೂ ಆಯಿತು.

ಬಾವುಟವೂ ಸೆರಗೂ ಹೇಳದ ಬಣ್ಣಗಳಿಗೆ ನಾವು ಆಶ್ರಯಿಸಿದ್ದು ಹಿರಿಯರನ್ನು. ತಿಂಗಳಿಗೊಂದು ಶನಿವಾರ ಸಂಜೆ ಸಂಘದ ಕೋಣೆಯಲ್ಲಿ ಪರದೆ ಹಾಕಿ, ಚಹಾ ಅವಲಕ್ಕಿ ಇಟ್ಟು, ಎಂಬತ್ತು ದಾಟಿದವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಆ ಕಾಲದ ಕಾರ್ಯಕ್ರಮದಲ್ಲಿ ಪ್ರಾರ್ಥನೆ ಹಾಡಿದ ಅಜ್ಜಿಯೊಬ್ಬರು ಪರದೆಯ ಮೇಲೆ ತಮ್ಮನ್ನೇ ನೋಡಿ, “ಅಯ್ಯೋ, ಅದು ಹಸಿರಲ್ಲಪ್ಪ, ನವಿಲುಗತ್ತಿನ ಬಣ್ಣ. ಅವರು ಮೊದಲ ಬೋನಸ್ಸಿನಲ್ಲಿ ತೆಗೆಸಿಕೊಟ್ಟದ್ದು” ಎಂದರು. ಹುಡುಗ ಗುಂಡಿಯನ್ನು ನೀಲಿಯತ್ತ ಒಂದಿಷ್ಟು ಸರಿಸಿದ. “ಇನ್ನೂ ಸ್ವಲ್ಪ,” ಎಂದರು. ಮತ್ತೆ ಸರಿಸಿದ. “ಹಾಂ, ಸಾಕು.” ಆ ಅಂಕಿಯನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆವು. ಅದೇ ಕ್ಯಾಸೆಟ್ಟಿನಲ್ಲಿ ನಾಟಕದ ಹಿಂದಿನ ಪರದೆಯೊಂದಿದೆ. ಅರಮನೆಯೋ ಉದ್ಯಾನವೋ, ಯಾರೋ ಸದಸ್ಯರೇ ರಾತ್ರಿಯಿಡೀ ಕುಳಿತು ಬಣ್ಣ ಬಳಿದದ್ದಂತೆ. ಅದರ ಬಣ್ಣ ಬಲ್ಲವರು ಈಗ ಯಾರೂ ಇಲ್ಲ. ಆ ಪರದೆಯನ್ನು ಟೇಪಿನಲ್ಲಿದ್ದ ಹಾಗೆಯೇ ಬಿಟ್ಟಿದ್ದೇವೆ.